ಎರಡು ಸಲ ಮಗು ನಿಲ್ಲಲಿಲ್ಲ, ವಿಟಮಿನ್ ಕಮ್ಮಿ ಇದ್ದಿದ್ದೇ ಕಾರಣನಾ?

ತೆಂಗಿನಗರಿ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದವಳು, ಬರೆಯುತ್ತಿರುವುದು ಇದೇ ಮೊದಲು. ಉದ್ದ ಆಗಬಹುದು, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 29. ತುಮಕೂರಿನ ಹತ್ತಿರ ಊರು, ಬ್ಯಾಂಕಿನಲ್ಲಿ ಕೆಲಸ. ಮದುವೆಯಾಗಿ ನಾಲ್ಕು ವರ್ಷ. ಹೋದ ದೀಪಾವಳಿ ಹೊತ್ತಿಗೆ ಮೊದಲನೇದು ಏಳನೇ ವಾರದಲ್ಲೇ ಹೋಯಿತು. ಎಲ್ಲರಿಗೂ ಒಂದು ಸಲ ಆಗುತ್ತದೆ ಬಿಡು ಅಂದರು, ಬಿಟ್ಟೆ. ಈ ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಎರಡನೇದು. ಒಂಬತ್ತನೇ ವಾರದ ಸ್ಕ್ಯಾನಿಗೆ ಹೋಗಿದ್ದೆವು. ಅಲ್ಲಿಯವರೆಗೆ ಮಳೆ ಬಗ್ಗೆ ಮಾತಾಡುತ್ತಿದ್ದ ಸ್ಕ್ಯಾನ್ ಡಾಕ್ಟರ್ ಇದ್ದಕ್ಕಿದ್ದ ಹಾಗೆ ಸುಮ್ಮನಾದರು, ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಅವರು ಬಾಯಿ ಬಿಡುವ ಮೊದಲೇ ನನಗೆ ಗೊತ್ತಾಯಿತು. ಹಾರ್ಟ್‌ಬೀಟ್ ಇರಲಿಲ್ಲ. ಎರಡು ದಿನ ಬಿಟ್ಟು ಡಿ ಅಂಡ್ ಸಿ (ಗರ್ಭಕೋಶ ಸ್ವಚ್ಛ ಮಾಡುವುದು) ಮಾಡಿದರು.

ಈಗ ಇಲ್ಲೇ ಹತ್ತಿರದ ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿದರು. ವಿಟಮಿನ್ ಡಿ 9.4, ಬಿ 12 ಬಂದು 142, ಹಿಮೋಗ್ಲೋಬಿನ್ 11.2, ಥೈರಾಯ್ಡ್ ನಾರ್ಮಲ್. ರಿಪೋರ್ಟ್ ನೋಡಿ, "ಇದೇ ಕಣಮ್ಮ ಕಾರಣ, ಎರಡು ವಿಟಮಿನ್ನೂ ನೆಲಕ್ಕೆ ಇಳಿದಿವೆ" ಅಂದರು. ವಾರಕ್ಕೊಂದು ಡಿ ಸ್ಯಾಚೆಟ್ 60,000 ಯೂನಿಟ್, ಬಿ 12 ಇಂಜೆಕ್ಷನ್, ಫೋಲಿಕ್ ಆಸಿಡ್ 5 ಮಿಲಿಗ್ರಾಂ. ಮೂರು ತಿಂಗಳು ತಗೊಂಡು ಮತ್ತೆ ಪ್ರಯತ್ನ ಮಾಡಿ ಅಂದರು. ಬೇರೆ ಯಾವ ಪರೀಕ್ಷೆಯೂ ಬೇಡವಂತೆ.

ನಾವು ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಪಿಸಿಓಡಿ (ಅಂಡಾಶಯದ ತೊಂದರೆ) ಇದೆ ಅಂತ ಮೂರು ವರ್ಷದಿಂದ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದೇನೆ. ಈಚೆಗೆ ಕೂದಲು ಕೈಗೆ ಬರುತ್ತಿದೆ ಅಂತ ಬಯೋಟಿನ್ ಮಾತ್ರೆಯನ್ನೂ ಶುರು ಮಾಡಿದ್ದೆ.

ರಿಪೋರ್ಟ್ ಬಂದ ದಿನದಿಂದ ಮನೆಯಲ್ಲಿ ಒಂದೇ ಮಾತು. ಅತ್ತೆ ಕೆಟ್ಟವರಲ್ಲ, ಆದರೆ ಬಂದವರಿಗೆಲ್ಲ, "ಇವಳು ಸರಿಯಾಗಿ ಉಣ್ಣಲ್ಲ, ರಾತ್ರಿ ಎರಡು ಚಪಾತಿ ತಿಂದು ಡಯಟ್ ಅಂತಾಳೆ, ಮಗು ಹೇಗೆ ನಿಲ್ಲುತ್ತೆ" ಅಂತ ಹೇಳುತ್ತಾರೆ. ಈಗ ಡಾಕ್ಟರೇ ಹಾಗೆ ಅಂದ ಮೇಲೆ ನಾನು ಬಾಯಿ ಬಿಡುವ ಹಾಗೂ ಇಲ್ಲ.

ನನ್ನ ಪ್ರಶ್ನೆ ಇಷ್ಟೇ. ನಿಜವಾಗಿಯೂ ವಿಟಮಿನ್ ಕಮ್ಮಿ ಇದ್ದರೆ ಮೇಲಿಂದ ಮೇಲೆ ಹೀಗಾಗುತ್ತದಾ? ಇದನ್ನು ಸರಿ ಮಾಡಿಕೊಂಡರೆ ಮುಂದಿನದು ನಿಲ್ಲುತ್ತದಾ? ಬೇರೆ ಏನಾದರೂ ಕೇಳಿ ಮಾಡಿಸಬೇಕಾ?

---

ಅವರೆಕಾಳು ಸೊಗಡು

ತಂಗಿ, ಆ ಪರದೆ ತಿರುಗಿಸಿಕೊಳ್ಳುವುದು ಅಂದೆಯಲ್ಲ, ಅದನ್ನು ನಾನು ಮೂರು ಸಲ ನೋಡಿದ್ದೇನೆ. ಈಗ ನನ್ನ ಮಗನಿಗೆ ನಾಲ್ಕು ವರ್ಷ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ನೀನು ಸಮಾಧಾನವಾಗಿ ಓದಲಿ ಅಂತ.

ನಂದೂ ಎರಡನೇದು ಹೋದಾಗ ವಿಟಮಿನ್ ಡಿ 11 ಇತ್ತು. ನಮ್ಮ ಡಾಕ್ಟರ್ ಕೂಡ ಸೇಮ್ ಡೈಲಾಗ್. ಸ್ಯಾಚೆಟ್ ಕುಡಿದೆ, ಟೆರೇಸಿನ ಮೇಲೆ ಬಿಸಿಲಿಗೆ ಕೂತೆ, 38ಕ್ಕೆ ಬಂತು. ಏನೋ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂದ ಹಾಗೆ ಖುಷಿಪಟ್ಟೆ. ಆಮೇಲೆ ಮೂರನೇದೂ ಹೋಯಿತು, ಹತ್ತು ವಾರ ತುಂಬಿದ ಮೇಲೆ.

ಆಗ ಬೆಂಗಳೂರಿನಲ್ಲಿ ಬೇರೆ ಡಾಕ್ಟರ್ ಹತ್ತಿರ ಹೋದೆವು. ಆಯಮ್ಮ ನನ್ನ ಫೈಲ್ ತಿರುವಿ ಹಾಕಿ, "ಎಪಿಎಸ್ ಯಾಕೆ ಮಾಡಿಸಿಲ್ಲ?" ಅಂತ ಕೇಳಿದರು. ಆ ಹೆಸರೇ ನಾನು ಕೇಳಿರಲಿಲ್ಲ. ರಕ್ತ ಬೇಕಿಲ್ಲದ ಜಾಗದಲ್ಲಿ ಹೆಪ್ಪುಗಟ್ಟುವ ಒಂದು ತೊಂದರೆ ಅಂತೆ, ನಮ್ಮ ದೇಹವೇ ನಮ್ಮ ಮೇಲೆ ತಿರುಗಿ ಬೀಳುವ ಆಂಟಿಬಾಡಿಗಳಿಂದ. ಪರೀಕ್ಷೆ ಪಾಸಿಟಿವ್ ಬಂತು. 12 ವಾರ ಬಿಟ್ಟು ಇನ್ನೊಮ್ಮೆ ಮಾಡಿದರು, ಆಗಲೂ ಪಾಸಿಟಿವ್. ಒಂದೇ ಸಲಕ್ಕೆ ನಂಬುವ ಹಾಗಿಲ್ಲವಂತೆ. ಜ್ವರ ಗಿರ ಬಂದಾಗಲೂ ಒಮ್ಮೊಮ್ಮೆ ಬಂದು ಹೋಗುತ್ತದಂತೆ.

ನಾಲ್ಕನೇ ಸಲ ಬಸುರಿ ಅಂತ ಗೊತ್ತಾದ ದಿನದಿಂದ ಕಡಿಮೆ ಡೋಸಿನ ಆಸ್ಪಿರಿನ್ ಜೊತೆಗೆ, ರಕ್ತ ಹೆಪ್ಪುಗಟ್ಟದಂತೆ ದಿನಾ ಹೊಟ್ಟೆಗೆ ಹೆಪಾರಿನ್ ಇಂಜೆಕ್ಷನ್. ಹೊಟ್ಟೆ ತುಂಬ ನೇರಳೆ ಹಣ್ಣು ಒರೆಸಿದ ಹಾಗೆ ಕಲೆ. ನಮ್ಮ ಯಜಮಾನರಿಗೆ ಸೂಜಿ ಕಂಡರೆ ಆಗದು, ಅವರೇ ಕಲಿತು ರಾತ್ರಿ ಒಂಬತ್ತಕ್ಕೆ ಚುಚ್ಚುತ್ತಿದ್ದರು. ಖಾಲಿ ಸಿರಿಂಜ್‌ಗಳನ್ನು ಹಾರ್ಲಿಕ್ಸ್ ಬಾಟಲಿಗೆ ಹಾಕಿ ಆಸ್ಪತ್ರೆಗೆ ವಾಪಸ್ ಕೊಡುವುದು. ಐದು ಬಾಟಲಿ ತುಂಬಿತು. ಲೆಕ್ಕ ಹಾಕಿದರೆ ಇನ್ನೂರು ದಾಟಿತ್ತು.

ನಿನಗೂ ಅದೇ ಇದೆ ಅಂತ ನಾನು ಹೇಳುತ್ತಿಲ್ಲ. ಇಲ್ಲದೆಯೂ ಇರಬಹುದು, ಇಲ್ಲದಿರಲಿ. ಆದರೆ ವಿಟಮಿನ್ ರಿಪೋರ್ಟ್ ಸಿಕ್ಕಿತು ಅಂತ ಹುಡುಕುವುದನ್ನೇ ನಿಲ್ಲಿಸಿಬಿಟ್ಟರಲ್ಲ, ನನ್ನ ಸಿಟ್ಟು ಅದರ ಮೇಲೆ. ಆ ವಿಟಮಿನ್ ಡಿ 11 ನನ್ನ ಒಂದು ವರ್ಷ ತಿಂದು ಹಾಕಿತು. ಅದು ತಪ್ಪು ಮಾಡಿದ್ದಕ್ಕಲ್ಲ, ಸಿಕ್ಕಿಬಿದ್ದಿದ್ದಕ್ಕೆ.

---

ನೀಲಿ ಮುಚ್ಚಳ

ನಾನು ಲ್ಯಾಬ್ ಟೆಕ್ನಿಷಿಯನ್, ಡಾಕ್ಟರ್ ಅಲ್ಲ. ನಂಬರಿನ ಬಗ್ಗೆ ಮಾತ್ರ ಹೇಳುತ್ತೇನೆ ಮೇಡಂ.

ಡಿ 20ಕ್ಕಿಂತ ಕೆಳಗಿದ್ದರೆ ಕೊರತೆ ಅಂತ ಲೆಕ್ಕ. ನಿಮ್ಮದು 9.4, ಅದು ನಿಜವಾಗಿಯೂ ಕಮ್ಮಿ. ಆದರೆ ದಿನಾ ನೂರಾರು ಸ್ಯಾಂಪಲ್ ನೋಡುವವನಾಗಿ ಹೇಳುತ್ತೇನೆ, ಆಫೀಸಿನಲ್ಲಿ ಕೂತು ಕೆಲಸ ಮಾಡುವವರಲ್ಲಿ ಹತ್ತು, ಹನ್ನೆರಡು, ಹದಿನಾಲ್ಕು ಮಾಮೂಲಿ. ನಂದೇ ಹೋದ ವರ್ಷ 13 ಇತ್ತು. ಮೂರು ಮಕ್ಕಳ ತಾಯಂದಿರದ್ದೂ ಹೀಗೇ ಬರುತ್ತದೆ. ಕಿಟಕಿ ಗಾಜಿನ ಹಿಂದೆ ಕೂತು ಬಿಸಿಲು ಬೀಳುತ್ತಿದೆ ಅಂದುಕೊಂಡರೆ ಪ್ರಯೋಜನ ಇಲ್ಲ, ಡಿ ತಯಾರಾಗಲು ಬೇಕಾದ ಕಿರಣ ಗಾಜು ದಾಟುವುದಿಲ್ಲ.

ಬಿ 12 ಸಾಮಾನ್ಯವಾಗಿ 200ರ ಮೇಲಿರಬೇಕು. 142 ಅಂದರೆ ಸರಿ ಮಾಡಲೇಬೇಕು. ಮೂರು ವರ್ಷ ಮೆಟ್‌ಫಾರ್ಮಿನ್ ಅಂದಿರಲ್ಲ, ಅದು ನಿಧಾನವಾಗಿ ಬಿ 12 ಇಳಿಸುತ್ತದೆ. ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ನುಂಗುವವರಿಗೂ ಅದೇ ಕಥೆ. ಹಾಗಂತ ಮೆಟ್‌ಫಾರ್ಮಿನ್ ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ಈ ವಿಷಯ ನೆನಪಿಸಿ ಸಾಕು. ಎರಡು ಚಪಾತಿ ತಿಂದಿದ್ದಕ್ಕೆ ಬಿ 12 ಇಳಿದಿದ್ದಲ್ಲ. ನಾಲ್ಕು ತಿಂದಿದ್ದರೂ ಏರುತ್ತಿರಲಿಲ್ಲ, ಗೋಧಿಯಲ್ಲಿ ಅದು ಇಲ್ಲವೇ ಇಲ್ಲ. ಅತ್ತೆಗೆ ಇದನ್ನು ಹೇಗೆ ಹೇಳುತ್ತೀರೋ ನೋಡಿ :)

ಇನ್ನೊಂದು ಮುಖ್ಯ ವಿಷಯ. ಬಯೋಟಿನ್ ತಿನ್ನುತ್ತಿದ್ದಾಗಲೇ ಥೈರಾಯ್ಡ್ ಪರೀಕ್ಷೆ ಮಾಡಿಸಿದಿರಾ? ಕೂದಲಿನ ಮಾತ್ರೆಯಲ್ಲಿ ಬಯೋಟಿನ್ ಡೋಸ್ ತುಂಬಾ ಜಾಸ್ತಿ ಇರುತ್ತದೆ. ಅದು ಕೆಲವು ಮೆಷಿನ್‌ಗಳಿಗೆ ಮೋಸ ಮಾಡುತ್ತದೆ, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆಯಲ್ಲಿ ನೋಡುವ ಹಾರ್ಮೋನ್) ಇರುವುದಕ್ಕಿಂತ ಕಮ್ಮಿ ತೋರಿಸುತ್ತದೆ. ಅಂದರೆ ನಿಜವಾಗಿ ಜಾಸ್ತಿ ಇದ್ದದ್ದು ನಾರ್ಮಲ್ ಅಂತ ಬರಬಹುದು. ಕೆಲವು ದಿನ ಬಯೋಟಿನ್ ಬಿಟ್ಟು ಥೈರಾಯ್ಡ್ ಮಾತ್ರ ಇನ್ನೊಮ್ಮೆ ಮಾಡಿಸಿ. ಎಷ್ಟು ದಿನ ಬಿಡಬೇಕು ಅಂತ ಲ್ಯಾಬಿನಲ್ಲೇ ಕೇಳಿ, ಅದು ಡೋಸಿನ ಮೇಲೆ ಹೋಗುತ್ತದೆ.

ಎಪಿಎಸ್ ಮಾಡಿಸುವುದಾದರೆ ಮೂರೂ ಇದೆಯಾ ನೋಡಿ. ಲೂಪಸ್ ಆಂಟಿಕೋಆಗ್ಯುಲೆಂಟ್, ಆಂಟಿಕಾರ್ಡಿಯೊಲಿಪಿನ್, ಬೀಟಾ 2 ಗ್ಲೈಕೊಪ್ರೋಟೀನ್. ಕೆಲವು ಕಡೆ ಒಂದು ಮಾಡಿ ಮುಗಿಸುತ್ತಾರೆ. ಲೂಪಸ್‌ಗೆ ನೀಲಿ ಮುಚ್ಚಳದ ಟ್ಯೂಬ್, ಗೆರೆ ತನಕ ಪೂರ್ತಿ ತುಂಬಿರಬೇಕು. ಅರ್ಧ ತುಂಬಿಸಿದರೆ ರಿಪೋರ್ಟ್ ಹಾಳು. ಮನೆಗೆ ಬಂದು ರಕ್ತ ತಗೊಂಡು ಬೈಕಿನಲ್ಲಿ ಮೂರು ಗಂಟೆ ಸುತ್ತಿಸುವವರಿಗೆ ಈ ಪರೀಕ್ಷೆ ಕೊಡಬೇಡಿ, ಲ್ಯಾಬಿಗೇ ಹೋಗಿ ಕೊಡಿ. ಮಗು ಹೋಗಿ ಕನಿಷ್ಠ ಆರು ವಾರ ಆಗಿರಬೇಕು, ನಿಮಗೆ ಆಗಿದೆ. ಹೆಪಾರಿನ್ ತಗೊಳ್ಳುತ್ತಿದ್ದರೆ ಮೊದಲೇ ಹೇಳಬೇಕು.

ಪ್ಯಾಕೇಜ್ ಅಂತ ಎಂಟಿಎಚ್‌ಎಫ್‌ಆರ್ ಜೀನ್ ಪರೀಕ್ಷೆ ಸೇರಿಸುತ್ತಾರೆ, ದುಡ್ಡು ದಂಡ. ಆ ಜೀನಿನ ಬದಲಾವಣೆ ಎಷ್ಟೋ ಆರೋಗ್ಯವಂತರಲ್ಲೂ ಇದೆ, ಇದಕ್ಕೋಸ್ಕರ ಮಾಡಿಸಬೇಡಿ ಅಂತ ದೊಡ್ಡ ವೈದ್ಯಕೀಯ ಸಂಘಗಳೇ ಹೇಳಿವೆ. ಲ್ಯಾಬಿನವನಾಗಿ ನಾನು ಇದನ್ನು ಹೇಳಬಾರದು, ನಮ್ಮ ಸಾಹೇಬರು ನೋಡಿದರೆ ಕಷ್ಟ.

---

ಗಿರಿಮುಗಿಲು

ಕುಕ್ಕೆಗೆ ಹೋಗಿ ಆಶ್ಲೇಷ ಬಲಿ ಮಾಡಿಸಿ. ನಮ್ಮ ಅಕ್ಕನಿಗೂ ಎರಡು ಹೀಗೇ ಆಗಿತ್ತು, ಮಾಡಿಸಿದ ಆರು ತಿಂಗಳಲ್ಲಿ ನಿಂತಿತು.

---

ಅವರೆಕಾಳು ಸೊಗಡು

@ಗಿರಿಮುಗಿಲು ನಾವೂ ಹೋಗಿ ಬಂದೆವು, ಅದರ ಬಗ್ಗೆ ನನ್ನ ತಕರಾರು ಇಲ್ಲ. ಮನಸ್ಸಿಗೆ ಸ್ವಲ್ಪ ಹಗುರ ಆಗಿದ್ದು ನಿಜ. ದಾರಿಯಲ್ಲಿ ರಕ್ತ ಕೊಟ್ಟೇ ಹೋಗಿದ್ದೆವು ಅಷ್ಟೆ.

---

ತಂಪು ದೇಶದ ಮಂಗ್ಳೂರಿಗ

ನಾನಿರುವುದು ಬರ್ಮಿಂಗ್‌ಹ್ಯಾಮ್‌ನಲ್ಲಿ. ನನ್ನ ಹೆಂಡತಿಗೂ ಹೀಗೇ ಆದಾಗ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದ್ದೆ, ನಿದ್ದೆ ಬರುತ್ತಿರಲಿಲ್ಲವಲ್ಲ. ಸಂಶೋಧನೆ ಏನು ಹೇಳುತ್ತದೆ ಅಂತ ಗೊತ್ತಿದ್ದಷ್ಟು ಬರೆಯುತ್ತೇನೆ.

ನಿಮ್ಮ ಡಾಕ್ಟರ್ ಹೇಳಿದ್ದು ಪೂರ್ತಿ ಸುಳ್ಳಲ್ಲ. 2022ರಲ್ಲಿ ಇದೇ ಊರಿನ ವಿಶ್ವವಿದ್ಯಾಲಯದವರು ಹಳೆಯ ಹತ್ತು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು, 7,663 ಹೆಂಗಸರ ಲೆಕ್ಕ. ವಿಟಮಿನ್ ಡಿ ಕೊರತೆ ಇದ್ದವರಲ್ಲಿ ಗರ್ಭ ಹೋಗುವ ಸಾಧ್ಯತೆ, ಸರಿ ಇದ್ದವರಿಗೆ ಹೋಲಿಸಿದರೆ, ಹೆಚ್ಚುಕಡಿಮೆ ಎರಡರಷ್ಟು ಕಂಡಿತು. ಅವರು ಕೊರತೆ ಅಂದಿದ್ದು ಇಲ್ಲಿನ ಅಳತೆಯಲ್ಲಿ 50ಕ್ಕಿಂತ ಕಮ್ಮಿ, ನಮ್ಮೂರ ರಿಪೋರ್ಟಿನಲ್ಲಿ ಅದು 20. (ಇಲ್ಲಿನ ಅಂಕಿಯನ್ನು ಎರಡೂವರೆಯಿಂದ ಭಾಗಿಸಬೇಕು. ನನ್ನ ಹೆಂಡತಿ ರಿಪೋರ್ಟ್ ನೋಡಿ ಊರಲ್ಲಿ ಅತ್ತೆ, "ನಲವತ್ತೆರಡು ಇದೆ, ಚೆನ್ನಾಗಿದೆ" ಅಂದಿದ್ದರು. ಭಾಗಿಸಿದರೆ ಹದಿನೇಳು!)

ಆದರೆ ಅದೇ ಬರಹದಲ್ಲಿ ಇನ್ನೊಂದು ಮಾತಿದೆ. ಡಿ ಕೊಟ್ಟು ಸರಿ ಮಾಡಿದರೆ ಗರ್ಭ ಉಳಿಯುತ್ತದಾ ಅನ್ನುವುದು ಇನ್ನೂ ಸಾಬೀತಾಗಿಲ್ಲ, ಅದಕ್ಕೆ ಬೇರೆ ಪ್ರಯೋಗ ಬೇಕು ಅಂತ. ಎರಡೂ ಒಟ್ಟಿಗೆ ಕಂಡವು ಅಂದ ಮಾತ್ರಕ್ಕೆ ಒಂದು ಇನ್ನೊಂದನ್ನು ಮಾಡಿತು ಅಂತ ಅಲ್ಲ. ಮೈ ತೂಕ ಜಾಸ್ತಿ ಇರುವವರಲ್ಲೂ ಡಿ ಕಮ್ಮಿ ಇರುತ್ತದೆ, ಹೊರಗೆ ಓಡಾಡದವರಲ್ಲೂ. ಯಾವುದರಿಂದ ಯಾವುದು ಅಂತ ಬಿಡಿಸುವುದು ಕಷ್ಟ.

ಒಟ್ಟಾರೆ ವಿಟಮಿನ್ ಮಾತ್ರೆ ಬಗ್ಗೆ 2016ರ ಕಾಕ್ರೇನ್ (ವೈದ್ಯಕೀಯ ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡುವ ಸಂಸ್ಥೆ) ವಿಮರ್ಶೆ ಇದೆ. 40 ಪ್ರಯೋಗ, ಎರಡೂ ಮುಕ್ಕಾಲು ಲಕ್ಷ ಹೆಂಗಸರು. ಗರ್ಭಕ್ಕೆ ಮೊದಲು ಅಥವಾ ಮೊದಲ ತಿಂಗಳುಗಳಲ್ಲಿ ವಿಟಮಿನ್ ತಗೊಂಡರೆ ಗರ್ಭ ಹೋಗುವುದು ತಪ್ಪುವುದಿಲ್ಲ ಅಂತಲೇ ಅವರ ತೀರ್ಮಾನ. ಅದನ್ನು ಓದಿದ ದಿನ ನಾನು ಅಡುಗೆಮನೆ ಶೆಲ್ಫಿನ ಮೇಲಿದ್ದ ಆರು ಡಬ್ಬಿ ನೋಡುತ್ತಾ ಕೂತಿದ್ದೆ.

ಹಾಗಂತ ಎಸೆಯಬೇಡಿ ಮಾರಾಯ್ರೆ! ಫೋಲಿಕ್ ಆಸಿಡ್ ಕೆಲಸ ಬೇರೆ. ಮಗುವಿನ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳುವುದಕ್ಕೆ ಅದು ಬೇಕು. 1991ರಲ್ಲಿ ಇಲ್ಲಿನವರು ಪ್ರಕಟಿಸಿದ ದೊಡ್ಡ ಪ್ರಯೋಗದಲ್ಲಿ, ಮೊದಲೊಂದು ಮಗುವಿಗೆ ಆ ದೋಷ ಬಂದಿದ್ದ ತಾಯಂದಿರಲ್ಲಿ, ಅದು ಮತ್ತೆ ಬರುವುದು 72 ಶೇಕಡಾ ಕಮ್ಮಿಯಾಯಿತು. ಅಂದಹಾಗೆ ಇದರ ಕಥೆ ಶುರುವಾಗಿದ್ದು ನಮ್ಮ ಬಾಂಬೆಯಲ್ಲೇ. ಲೂಸಿ ವಿಲ್ಸ್ ಅನ್ನುವ ಇಂಗ್ಲಿಷ್ ಡಾಕ್ಟರ್ ಅಲ್ಲಿನ ಬಟ್ಟೆ ಗಿರಣಿಯ ಬಸುರಿ ಹೆಂಗಸರ ರಕ್ತಹೀನತೆ ನೋಡಿ, ಈಸ್ಟಿನಿಂದ ಮಾಡಿದ ಮಾರ್ಮೈಟ್ ತಿನ್ನಿಸಿ ವಾಸಿ ಮಾಡಿದರು, 1931ರಲ್ಲಿ ಬರೆದರು. ಅದರೊಳಗಿದ್ದ ವಸ್ತು ಫೋಲೇಟ್ ಅಂತ ಆಮೇಲೆ ಗೊತ್ತಾಯಿತು. ಇಲ್ಲಿ ಬ್ರೆಡ್ಡಿಗೆ ಸವರಿಕೊಂಡು ತಿನ್ನುತ್ತಾರೆ. ನನಗೆ ಸೇರುವುದಿಲ್ಲ, ಸುಟ್ಟ ಸಾರಿನ ತಳದ ಹಾಗಿರುತ್ತದೆ.

ಬಿ 12 ಇಷ್ಟು ಕಮ್ಮಿ ಇದ್ದಾಗ ಬರೀ ಫೋಲಿಕ್ ಆಸಿಡ್ ಜಾಸ್ತಿ ತಗೊಂಡರೆ ತೊಂದರೆ ಇದೆ. ರಕ್ತ ಸರಿ ಕಾಣಿಸುತ್ತದೆ, ಒಳಗೆ ನರಗಳಿಗೆ ಹಾನಿ ಆಗುತ್ತಲೇ ಇರುತ್ತದೆ. ನಿಮಗೆ ಎರಡೂ ಕೊಟ್ಟಿದ್ದಾರೆ, ಒಳ್ಳೆಯದಾಯಿತು.

ವಿಟಮಿನ್ ಬಿ 3 ಗರ್ಭಪಾತ ತಡೆಯುತ್ತದೆ ಅಂತ ವಾಟ್ಸಾಪಿನಲ್ಲಿ ಒಂದು ಬರುತ್ತಿರುತ್ತದೆ. 2017ರಲ್ಲಿ ಸಿಡ್ನಿಯವರು ಮಾಡಿದ ಕೆಲಸ ಅದು. ಜೀನ್ ದೋಷ ಇದ್ದ ಕೆಲವೇ ಕುಟುಂಬ, ಮತ್ತೆ ಇಲಿಗಳು. ಪೇಪರಿನವರು ಅದನ್ನು ಎಲ್ಲರಿಗೂ ಹಂಚಿಬಿಟ್ಟರು. ವಿಟಮಿನ್ ಎ ಜಾಸ್ತಿಯಾದರಂತೂ ಮಗುವಿಗೇ ಅಪಾಯ, ಸಿಕ್ಕಿದ ಮಲ್ಟಿವಿಟಮಿನ್ ಎಲ್ಲ ಸೇರಿಸಿ ನುಂಗಬೇಡಿ.

ಕೊನೆಗೆ, ಎರಡು ಹೋದ ಮೇಲೆ ಪರೀಕ್ಷೆ ಕೇಳುವುದು ಜಾಸ್ತಿ ಆಯಿತಾ ಅಂತ ಹಿಂಜರಿಯಬೇಡಿ. ಇಲ್ಲಿ ಮೂರು ಆಗುವವರೆಗೆ ಕಾಯಿಸುವ ಪದ್ಧತಿ ಇತ್ತು, ನಮಗೂ ಹಾಗೇ ಹೇಳಿದ್ದರು. ಯುರೋಪಿನ ತಜ್ಞರ ಸಂಘ ಎರಡಕ್ಕೇ ಪರೀಕ್ಷೆ ಶುರು ಮಾಡಿ ಅನ್ನುತ್ತದೆ, ಅಮೆರಿಕದವರೂ ಅಷ್ಟೆ.

---

ಹುಬ್ಬಳ್ಳಿ ಮಿರ್ಚಿ

ನಾ ಗಂಡಸು, ಇಲ್ಲಿ ಬರೆಯೋದು ಸರಿಯೋ ತಪ್ಪೋ ಅಂತ ಎರಡು ದಿನ ವಿಚಾರ ಮಾಡಿದೆ. ಬರಿಯೋಣ ಅನ್ನಿಸಿತು.

ನೋಡ್ರಿ, ನಮಗೆ ಮೂರು ಸಲ ಹೀಗಾಯಿತು. ಮೂರೂ ಸಲ ನನ್ನ ಹೆಂಡತಿ ರಕ್ತ, ಹೆಂಡತಿ ಸ್ಕ್ಯಾನ್, ಹೆಂಡತಿ ಪಥ್ಯ. ಆಕಿಗೆ ಡಿ ಕಮ್ಮಿ, ಐರನ್ ಕಮ್ಮಿ, ಅದು ಕಮ್ಮಿ ಇದು ಕಮ್ಮಿ. ನಾನು ಹೊರಗಿನ ಕುರ್ಚಿ ಮೇಲೆ ಫೋನ್ ನೋಡಿಕೊಂಡು ಕೂಡತಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಮೂರನೇ ಸಲ ಡಾಕ್ಟರ್ ಇಬ್ಬರದ್ದೂ ಕ್ಯಾರಿಯೋಟೈಪ್ ಮಾಡಿಸಿ ಅಂದರು, ಅಂದರೆ ಕ್ರೋಮೋಸೋಮ್ ಪರೀಕ್ಷೆ. ರಿಪೋರ್ಟ್ ಬರಲು ಮೂರು ವಾರ ಹಿಡಿಯಿತು. ಆಕಿದು ನಾರ್ಮಲ್. ನಂದರಲ್ಲಿ ಎರಡು ಕ್ರೋಮೋಸೋಮಿನ ತುಂಡು ಅದಲು ಬದಲಾಗಿದ್ದವು. ನನಗೆ ಅದರಿಂದ ಏನೂ ತೊಂದರೆ ಇಲ್ಲ, ಯಾಕಂದರೆ ಒಟ್ಟು ಸರಕು ಪೂರ್ತಿ ಐತಿ, ಇಟ್ಟ ಜಾಗ ಬೇರೆ ಅಷ್ಟೆ. ಮಗುವಿಗೆ ಹೋಗುವಾಗ ಮಾತ್ರ ಒಂದು ತುಂಡು ಜಾಸ್ತಿ, ಒಂದು ಕಮ್ಮಿ ಆಗಿಬಿಡುತ್ತದೆ. ಹೀಗೆ ಮೇಲಿಂದ ಮೇಲೆ ಆಗುವ ನೂರು ಜೋಡಿಯಲ್ಲಿ ಎರಡರಿಂದ ಐದು ಜೋಡಿಗೆ ಇದು ಸಿಗುತ್ತದೆ ಅಂದರು. ಭಾಳ ಇಲ್ಲ, ಆದರೆ ನಾವು ಅದರಾಗ ಇದ್ದೆವು.

ಮೂರು ವರ್ಷ ಆಕಿ ಪಾಲಕ್ ಕುಡಿದಳು, ಗಜ್ಜರಿ ಕುಡಿದಳು, ನಮ್ಮ ಅವ್ವನ ಮಾತು ಕೇಳಿದಳು. ರಿಪೋರ್ಟ್ ಬಂದ ದಿನ ಮನಿಗೆ ಬಂದು ಅವ್ವನ ಮುಂದೆ ಓದಿದೆ. ಅವ್ವ ಏನೂ ಮಾತಾಡಲಿಲ್ಲ, ಎದ್ದು ಹೋಗಿ ರೊಟ್ಟಿ ಬಡಿಯಾಕ ಕೂತಳು.

ಈಗ ನಮಗೆ ಮಗಳು ಇದ್ದಾಳೆ, ಎರಡೂವರೆ ವರ್ಷ. ಐವಿಎಫ್ ಇಲ್ಲ, ತಾನಾಗಿಯೇ. ಇಂಥದ್ದು ಇದ್ದರೂ ಭಾಳ ಮಂದಿಗೆ ಆಗುತ್ತದೆ ಅಂತ ಜೆನೆಟಿಕ್ ಕೌನ್ಸೆಲಿಂಗ್‌ನಲ್ಲಿ ಮೊದಲೇ ಹೇಳಿದ್ದರು, ಅದೇ ಧೈರ್ಯದ ಮೇಲೆ ಇದ್ದೆವು.

ಇನ್ನೊಂದು ಮಾತು, ಯಾರಿಗಾದರೂ ಉಪಯೋಗಕ್ಕೆ ಬರಲಿ. ಡಿ ಅಂಡ್ ಸಿ ಮಾಡುವಾಗ ಹೊರಗೆ ತೆಗೆದ ತುಣುಕನ್ನು ಜೆನೆಟಿಕ್ ಪರೀಕ್ಷೆಗೆ ಕಳಿಸಿ ಅಂತ ಮೊದಲೇ ಕೇಳಬೇಕು. ಸಲೈನಿನಲ್ಲಿ ಕಳಿಸಬೇಕು. ನಮ್ಮದನ್ನು ಒಂದು ಕಡೆ ಫಾರ್ಮಲಿನ್‌ಗೆ ಹಾಕಿ ಕೊಟ್ಟರು, ಜೀವಕೋಶ ಸತ್ತು ಹೋಗಿ ಕ್ರೋಮೋಸೋಮ್ ನೋಡಲು ಬರಲಿಲ್ಲ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಹೆಚ್ಚುಕಮ್ಮಿ ಅರ್ಧಕ್ಕೆ ಕ್ರೋಮೋಸೋಮ್ ಏರುಪೇರೇ ಕಾರಣ ಅಂತೆ. ಅದು ತಂದೆ ತಾಯಿ ಇಬ್ಬರೂ ನಾರ್ಮಲ್ ಇದ್ದರೂ ಆಗುತ್ತದೆ, ಆ ಒಂದು ಸಲಕ್ಕೆ ಲೆಕ್ಕ ತಪ್ಪಿರುತ್ತದೆ. ಯಾರು ಎಷ್ಟು ಹಾಲು ಕುಡಿದರೂ ತಪ್ಪಿಸಲು ಆಗೋದಿಲ್ಲ.

---

ಗುಲಾಬಿ ಸೀರೆ

ನಾನು ಹದಿನಾರು ವರ್ಷದಿಂದ ಆಶಾ ಕಾರ್ಯಕರ್ತೆ. ಮೇಲಿನವರು ದೊಡ್ಡ ದೊಡ್ಡ ವಿಷಯ ಹೇಳಿದರು, ನಾನು ಅಡುಗೆಮನೆ ವಿಷಯ ಹೇಳುತ್ತೇನೆ ಮಗಳೇ.

ಬಿ 12 ಅಂದ ತಕ್ಷಣ ನಮ್ಮವರು ಸೊಪ್ಪು ತಿನ್ನು ಅನ್ನುತ್ತಾರೆ. ಸೊಪ್ಪಿನಲ್ಲಿ ಫೋಲೇಟ್ ಇದೆ, ಬಿ 12 ಇಲ್ಲ. ಅದು ಮಾಂಸ, ಮೀನು, ಮೊಟ್ಟೆ, ಹಾಲು, ಮೊಸರಿನಲ್ಲಿ ಮಾತ್ರ. ನೀನು ಮೊಟ್ಟೆ ತಿನ್ನುವುದಿಲ್ಲ ಅಂದರೆ ಹಾಲು ಮೊಸರೇ ಗತಿ, ಮತ್ತೆ ಡಾಕ್ಟರ್ ಕೊಟ್ಟ ಇಂಜೆಕ್ಷನ್. ನೀರು ಮಜ್ಜಿಗೆ ಲೆಕ್ಕಕ್ಕಿಲ್ಲ, ಗಟ್ಟಿ ಮೊಸರು. 142 ಇರುವಾಗ ಬರೀ ಮೊಸರಿನಿಂದ ಏರಿಸುತ್ತೇನೆ ಅಂತ ಕೂರಬೇಡ, ಇಂಜೆಕ್ಷನ್ ಬಿಡಬೇಡ.

ಐರನ್ ಮಾತ್ರೆ ಕೊಟ್ಟರೆ ಕಾಫಿ ಟೀ ಜೊತೆ ನುಂಗಬೇಡ. ಇದನ್ನು ದಿನಾ ಹತ್ತು ಮನೆಯಲ್ಲಿ ಹೇಳುತ್ತೇನೆ, ಹತ್ತು ಮನೆಯಲ್ಲೂ ಟೀ ಲೋಟ ಪಕ್ಕದಲ್ಲೇ ಇರುತ್ತದೆ. ಕ್ಯಾಲ್ಸಿಯಂ ಒಂದು ಹೊತ್ತು, ಐರನ್ ಇನ್ನೊಂದು ಹೊತ್ತು. ನಿಂಬೆಹಣ್ಣಿನ ನೀರಿನ ಜೊತೆ ಐರನ್ ತಗೊಂಡರೆ ಚೆನ್ನಾಗಿ ಹಿಡಿಯುತ್ತದೆ.

ಆ 60,000ದ ಸ್ಯಾಚೆಟ್ ವಾರಕ್ಕೆ ಒಂದೇ! ನಮ್ಮ ಏರಿಯಾದಲ್ಲಿ ಒಬ್ಬರು ಚೀಟಿ ಸರಿಯಾಗಿ ಓದದೆ ದಿನಾ ಒಂದೊಂದು ಕುಡಿದರು. ವಾಂತಿ, ಬಾಯಾರಿಕೆ, ಮಲಬದ್ಧತೆ, ಗಳಿಗೆಗೊಮ್ಮೆ ಬಾತ್‌ರೂಮು. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಅಡ್ಮಿಟ್ ಮಾಡಬೇಕಾಯಿತು. ವಿಟಮಿನ್ ತಾನೆ, ಜಾಸ್ತಿಯಾದರೆ ಏನು ಅಂದುಕೊಳ್ಳುವುದೇ ತಪ್ಪು. ಡಿ ಮೈಯಲ್ಲಿ ಉಳಿದುಬಿಡುತ್ತದೆ, ಬೇಗ ಹೊರಗೆ ಹೋಗುವುದಿಲ್ಲ.

ಮುಂದಿನ ಸಲ ಪಾಸಿಟಿವ್ ಬಂದ ತಕ್ಷಣ ನಿಮ್ಮ ಏರಿಯಾದ ಆಶಾಗೆ ಹೇಳಿ ತಾಯಿ ಕಾರ್ಡ್ ಮಾಡಿಸು. ನಾಚಿಕೆಗೆ, ದೃಷ್ಟಿಗೆ ಹೆದರಿ ಮೂರು ತಿಂಗಳು ಮುಚ್ಚಿಡುತ್ತಾರೆ. ಹಿಂದೆ ಹೋಗಿರುವವರನ್ನೇ ನಾವು ಬೇಗ ನೋಡಬೇಕಾಗಿರುವುದು. ಅಂಗನವಾಡಿಯಲ್ಲಿ ಮಾತೃಪೂರ್ಣ ಊಟ ಇದೆ, ಹಾಲು, ಶೇಂಗಾ ಚಿಕ್ಕಿ ಎಲ್ಲ ಕೊಡುತ್ತಾರೆ. ಬ್ಯಾಂಕಿನವಳು ನೀನು, ಬರುವುದಿಲ್ಲ ಅಂತ ಗೊತ್ತು. ಆದರೂ ಹೇಳಿದೆ.

ಅತ್ತೆಯ ಬಗ್ಗೆ. ಅವರ ಕಾಲದಲ್ಲಿ ಹೋಗಿದ್ದನ್ನು ಯಾರೂ ಎಣಿಸುತ್ತಿರಲಿಲ್ಲ. ಒಂದು ದಿನ ಸಮಯ ನೋಡಿ ಕೇಳು, ಅವರಿಗೂ ಒಂದು ಹೋಗಿರುತ್ತದೆ. ನಾನು ಸರ್ವೆಗೆ ಹೋದಾಗ ಎಷ್ಟು ಮಕ್ಕಳು ಅಂತ ಕೇಳಿದರೆ ಮುದುಕಿಯರು ಬದುಕಿರುವವರನ್ನು ಜೋರಾಗಿ ಹೇಳುತ್ತಾರೆ, ಉಳಿದದ್ದನ್ನು ಸೊಸೆ ಒಳಗೆ ಹೋದ ಮೇಲೆ ಹೇಳುತ್ತಾರೆ.

---

ತೆಂಗಿನಗರಿ

ಹದಿನೇಳು ದಿನ ಆಯಿತು, ಉತ್ತರ ಬರೆಯಲು ಆಗಿರಲಿಲ್ಲ. ಎಲ್ಲರ ಮಾತನ್ನೂ ಎರಡು ಮೂರು ಸಲ ಓದಿದೆ. ಯಜಮಾನರಿಗೂ ಓದಿಸಿದೆ. ಹುಬ್ಬಳ್ಳಿಯವರು ಬರೆದದ್ದನ್ನು ಓದಿ ಅವರು ಸುಮಾರು ಹೊತ್ತು ಮಾತಾಡಲಿಲ್ಲ, ಆಮೇಲೆ, "ನಂದೂ ಮಾಡಿಸೋಣ" ಅಂದರು.

ಬೇರೆ ಡಾಕ್ಟರ್ ಹತ್ತಿರ ಹೋದೆವು. ಅವರು ಹಳೆಯ ಚೀಟಿ ನೋಡಿ, ವಿಟಮಿನ್‌ಗಳನ್ನೆಲ್ಲ ಮುಂದುವರಿಸಿ, ಅದು ಹೇಗೂ ಬೇಕು, ಆದರೆ ಇದರಿಂದಲೇ ಹೋಯಿತು ಅಂತ ನಾನು ಬರೆದು ಕೊಡುವುದಿಲ್ಲ ಅಂದರು. ಎಪಿಎಸ್‌ನ ಮೂರೂ ಪರೀಕ್ಷೆ, ಸಕ್ಕರೆಗೆ ಎಚ್‌ಬಿಎ1ಸಿ, ಗರ್ಭಕೋಶದೊಳಗೆ ಗೋಡೆ ಇದೆಯಾ ನೋಡಲು 3ಡಿ ಸ್ಕ್ಯಾನ್. ಕ್ಯಾರಿಯೋಟೈಪ್ ಈಗಲೇ ಬೇಕೇ ಬೇಕು ಅಂತಿಲ್ಲ ಅಂದರು, ಇವರೇ ಹಟ ಮಾಡಿ ಕೊಟ್ಟರು. ರಕ್ತ ತೆಗೆಯುವಾಗ ಕಣ್ಣು ಮುಚ್ಚಿಕೊಂಡು ನನ್ನ ಕೈ ಹಿಡಿದಿದ್ದರು. ನನಗೆ ನಗು ಬಂತು, ತುಂಬಾ ದಿನ ಆಗಿತ್ತು ನಕ್ಕು.

@ನೀಲಿ ಮುಚ್ಚಳ, ಬಯೋಟಿನ್ ನಿಲ್ಲಿಸಿ ಒಂದು ವಾರಕ್ಕೆ ಥೈರಾಯ್ಡ್ ಮಾಡಿಸಿದೆ. ಟಿಎಸ್‌ಎಚ್ ಹೋದ ಸಲ 2.1, ಈ ಸಲ 5.8, ಜಾಸ್ತಿ. ಡಾಕ್ಟರ್ ಕೂಡ ಹುಬ್ಬು ಏರಿಸಿದರು. ಇನ್ನೊಮ್ಮೆ ನೋಡಿ ಮಾತ್ರೆ ಬೇಕಾ ಅಂತ ಹೇಳುತ್ತಾರಂತೆ. ಕೂದಲು ಹೋದರೆ ಹೋಗಲಿ ಬಿಡಿ! ಮತ್ತೆ, ಟ್ಯೂಬ್ ಗೆರೆ ತನಕ ತುಂಬಿದೆಯಾ ಅಂತ ನಾನು ಬಗ್ಗಿ ನೋಡಿದ್ದಕ್ಕೆ ಆ ಹುಡುಗಿ, "ಮೇಡಂ ನೀವೂ ಲ್ಯಾಬಾ?" ಅಂತ ಕೇಳಿದಳು.

ಎಪಿಎಸ್‌ನಲ್ಲಿ ಎರಡು ನೆಗೆಟಿವ್. ಆಂಟಿಕಾರ್ಡಿಯೊಲಿಪಿನ್ ಮಾತ್ರ ಸ್ವಲ್ಪ ಜಾಸ್ತಿ, ಬಾರ್ಡರ್ ಅಂತೆ. ಇದಕ್ಕೆ ಈಗಲೇ ಹೆಸರು ಇಡುವುದು ಬೇಡ, 12 ವಾರ ಬಿಟ್ಟು ನೋಡೋಣ, ಅಲ್ಲಿಯವರೆಗೆ ಅವಸರ ಮಾಡಬೇಡಿ ಅಂದರು. ಲೆಕ್ಕ ಹಾಕಿದರೆ ಅಕ್ಟೋಬರ್, ಆಯುಧಪೂಜೆ ಹಿಂದೆಮುಂದೆ.

@ಗುಲಾಬಿ ಸೀರೆ ಅಮ್ಮ, ಅತ್ತೆಯನ್ನು ಇನ್ನೂ ಕೇಳಿಲ್ಲ. ಕೇಳುವ ಧೈರ್ಯ ಬಂದಿಲ್ಲ. ಆದರೆ ಮೆಟ್‌ಫಾರ್ಮಿನ್ ಮಾತ್ರೆಯಿಂದ ಬಿ 12 ಇಳಿಯುತ್ತದೆ ಅಂತ ಡಾಕ್ಟರ್ ಅವರೆದುರೇ ಹೇಳಿದರು. ಅವತ್ತಿನಿಂದ ಚಪಾತಿ ಸುದ್ದಿ ನಿಂತಿದೆ. ಗಟ್ಟಿ ಮೊಸರು ಮಾತ್ರ ನನ್ನ ತಟ್ಟೆಗೆ ಎರಡು ಸಲ ಬೀಳುತ್ತಿದೆ.

ಒಂದು ಸಣ್ಣ ಪ್ರಶ್ನೆ. ಆ ಸ್ಯಾಚೆಟ್ಟನ್ನು ತಣ್ಣಗಿನ ಹಾಲಿಗೆ ಹಾಕಿದರೆ ಗಂಟು ಕಟ್ಟುತ್ತದೆ. ನೀರಿಗೆ ಹಾಕಬಹುದಾ?

---

ನೀಲಿ ಮುಚ್ಚಳ

ಹಾಕಬಹುದು, ಆದರೆ ಹಾಲೇ ಒಳ್ಳೆಯದು, ಕೆನೆ ತೆಗೆಯದ ಹಾಲು. ಕೊಬ್ಬಿನ ಜೊತೆ ಡಿ ಚೆನ್ನಾಗಿ ಹಿಡಿಯುತ್ತದೆ. ಮಧ್ಯಾಹ್ನ ಊಟ ಆದ ಮೇಲೆ ತಗೊಳ್ಳಿ. ಮೊದಲು ಒಂದು ಚಮಚ ಹಾಲಿನಲ್ಲಿ ಕಲಸಿ, ಆಮೇಲೆ ಉಳಿದದ್ದು ಹುಯ್ಯಿರಿ, ಗಂಟು ಬರುವುದಿಲ್ಲ. 5.8 ನೋಡಿ ನನಗೂ ಒಂದು ಕ್ಷಣ ಹೊಟ್ಟೆ ಚುರ್ ಅಂತು. ಮುಂದಿನ ಸ್ಯಾಂಪಲ್ ಅದೇ ಲ್ಯಾಬಿಗೇ ಕೊಡಿ, ಲ್ಯಾಬ್ ಬದಲಾದರೆ ಹೋಲಿಸಲು ಕಷ್ಟ.

---

ತೆಂಗಿನಗರಿ

ಸರಿ, ಅದೇ ಲ್ಯಾಬ್. ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿ ಆ ತಾರೀಕಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದೇನೆ. ಬೆಳಿಗ್ಗೆ ಅತ್ತೆ ನೋಡಿ, "ಇದೇನು, ಗ್ಯಾಸ್ ಬುಕ್ ಮಾಡೋ ದಿನಾನಾ?" ಅಂದರು. ಹೂಂ ಅಂದೆ.